ಕುರಕುಂಟಾದ ಕೊರಳಗಂಟು

ಶಿಸ್ತಿನ ಮನುಷ್ಯನ ಮುಂದೆ ತಮಾಷೆ ನಡೆಯುವುದಿಲ್ಲ ಎಂದು ನಂಬಿದ್ದೆ. ಮಕ್ಕಳ ಶಸ್ತ್ರಚಿಕಿತ್ಸಕನಾಗಿ ವಾರಕ್ಕೊಮ್ಮೆ ಸೇಡಂಗೆ ಹೋಗತೊಡಗಿದ ಮೇಲೆ ತಿಳಿಯಿತು, ತಮಾಷೆ ಶಿಸ್ತನ್ನು ಹುಡುಕಿಕೊಂಡೇ ಬರುತ್ತದೆ.

೧. ನಾಲಿಗೆ

ಕುರಕುಂಟಾ ಊರಿನ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆತಂದರು. ಹುಡುಗಿಯ ಕೊರಳ ನಟ್ಟನಡುವೆ ನೆಲ್ಲಿಕಾಯಿಯಷ್ಟು ಗಂಟು. ನಾಲಿಗೆ ಚಾಚಿದಾಗ ಅದು ಮೇಲೇರಿದರೆ, ಹುಟ್ಟಿನಿಂದಲೇ ಬಂದದ್ದೆಂದು ಬಹುಮಟ್ಟಿಗೆ ಖಾತ್ರಿ.

"ನಾಲಿಗೆ ತೆಗಿ" ಎಂದೆ. ಹುಡುಗಿ ಬಾಯಿ ಬಿಗಿದಳು.

"ದೊಡ್ಡೋರಿಗಿ ನಾಲಗಿ ತೋರಸಬಾರ್ದಂತ ನಾನೇ ಕಲಿಸೀನ್ರಿ" ಎಂದರು ಅಜ್ಜಿ, ಹೆಮ್ಮೆಯಿಂದ. "ಮೊದಲ ನೀವು ತೆಗೀರಿ, ಆಮ್ಯಾಗ ಆಕಿ ತೆಗೀತಾಳ."

ತೆಗೆದೆ. ಹುಡುಗಿಯೂ ತೆಗೆದಳು, ಗಂಟು ಮೇಲೇರಿತು. ಅಷ್ಟರಲ್ಲಿ ಮುಂದಿನ ಸರದಿಯವನು ಬಾಗಿಲು ತೆರೆದು, ನನ್ನನ್ನು ನೋಡಿ, ಮೆಲ್ಲಗೆ ಮುಚ್ಚಿದ. ಹೊರಗೆ ಅವನ ದನಿ ಕೇಳಿಸಿತು: "ತಡೀರಿ, ಒಳಗ ಡಾಕ್ಟರಿಗೇ ಆರಾಮಿಲ್ಲ, ಅಜ್ಜಿ ನೋಡ್ಲಿಕತ್ತಾಳ."

೨. ಸುಣ್ಣ

ಗಂಟಿನ ಮೇಲೆ ಬೆಳ್ಳಗೆ ಏನೋ ಬಳಿದಿತ್ತು.

"ಇದೇನು?"

"ಸುಣ್ಣರಿ. ವಾಡಿ ಬಸ್ಸಿನ್ಯಾಗ ಬಾಜೂಕ ಕುಂತಾಕಿ ಹೇಳಿದ್ಲು."

"ಯಾರವಳು?"

"ಯಾರಿಗ್ಗೊತ್ತರಿ. ಚಿತ್ತಾಪುರದಾಗ ಇಳದ್ಲು."

ಕೀವಾದರೆ ಕಷ್ಟ, ಬೇರುಸಹಿತ ತೆಗೆಯಲೇಬೇಕೆಂದು ಚಿತ್ರ ಬರೆದು ವಿವರಿಸಿದೆ. ಅಜ್ಜಿಯ ಕಣ್ಣು ತುಂಬಿತು. "ಮಗ ಸೊಸಿ ನನ್ನ ಭರೋಸದ ಮ್ಯಾಲ ಬಿಟ್ಟಾರ್ರಿ. ಕೊರಳಿಗಿ ಚಾಕು ಹಚ್ಚಿ ಏನಾರ ಆದ್ರ?"

ಗೋಡೆಯ ಮೇಲಿನ ಪದವಿಪತ್ರಗಳನ್ನು ತೋರಿಸಿದೆ.

"ಅವು ಖರೇರಿ. ಆದ್ರ ಬಸ್ಸಿನ್ಯಾಗಿನಾಕಿ ನಕ್ಕೋತ ಹೇಳಿದ್ಲು."

ಬೇರೆ ದಾರಿಯಿಲ್ಲದೆ ನಾನೂ ನಕ್ಕೆ. ಹುಡುಗಿ ಹೆದರಿ ಸೆರಗು ಹಿಡಿದಳು.

"ಸಾಕ್ರಿ, ನಗಬ್ಯಾಡ್ರಿ" ಎಂದರು ಅಜ್ಜಿ. "ಮಾಡಸ್ತೀವಿ."

೩. ಉಪವಾಸ

ಆಪರೇಷನ್ ಕಲಬುರಗಿಯಲ್ಲಿ. "ಹುಡುಗಿಯ ಬಾಯಿಗೆ ಒಂದು ಬಿಸ್ಕತ್ತು ಬಿದ್ದರೂ ಆಪರೇಷನ್ ರದ್ದು" ಎಂದು ಗದರಿದ್ದೆ. ಅಜ್ಜಿ ನಿಯಮವನ್ನು ಇಡೀ ವರಾಂಡಕ್ಕೆ ಜಾರಿ ಮಾಡಿದ್ದರು. ಜೊತೆಗೆ ಬಂದಿದ್ದ ಬಳಗವೆಲ್ಲ ಉಪವಾಸ. ಅವರನ್ನು ನೋಡಿ ಪಕ್ಕದ ವಾರ್ಡಿನವರೂ ಉಪವಾಸ. ಅರಿವಳಿಕೆ ಕೊಡುವ ವೈದ್ಯರ ಕೈಯ ಚಹಾವೂ ಹೋಯಿತು: "ಕೂಸು ಹಸಗೊಂಡದ, ನಿಮಗ ಚಾ ಹ್ಯಾಂಗ ಇಳೀತದ್ರಿ ಸಾಹೇಬ್ರ?"

ಗಂಟು ಬೇರುಸಹಿತ ಬಂತು. ಹೊರಬಂದು, "ಚೆನ್ನಾಗಾಯಿತು, ಎಚ್ಚರವಾಗಿದ್ದಾಳೆ" ಎಂದೆ.

ಅಜ್ಜಿ ಗೋಡೆ ಹಿಡಿದು ಕುಸಿದು ಕೂತು ಅತ್ತರು. ಆಮೇಲೆ ಎದ್ದು ಕೂಗಿದರು: "ಚಾ ಕುಡೀರಿ ಎಲ್ಲಾರೂ!"

ಚಹಾ ಬಂತು. ಯಾರೋ ನನ್ನ ಕೈಗೂ ಒಂದು ಕಪ್ಪು ಕೊಟ್ಟರು. ಅಭ್ಯಾಸಬಲದಿಂದ ಹೇಳಿದೆ: "ಅವಳಿಗೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಏನೂ ಕೊಡಬೇಡಿ."

"ಏ, ಇಳಸ್ರಿ ಕಪ್ಪು!" ಎಂದರು ಅಜ್ಜಿ.

ವರಾಂಡದುದ್ದಕ್ಕೂ ಕಪ್ಪುಗಳು ಇಳಿದವು. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಮೊದಲು ಇಳಿದದ್ದು ನನ್ನದು.