ದಿನಗೂಲಿ ಯಜಮಾನ

ರೇಷನ್ ಅಂಗಡಿಯ ಯಂತ್ರಕ್ಕೆ ಅಡವಿಯಪ್ಪ ಹೆಬ್ಬೆಟ್ಟು ಒತ್ತಿದ. ಯಂತ್ರ ಒಪ್ಪಲಿಲ್ಲ. ಬೆರಳನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತಿದ. ಅಂಗಡಿಯವನು ಪರದೆ ನೋಡಿ, ಕಾರ್ಡು ತಡೆಹಿಡಿದಿದ್ದಾರೆ, ನೀನು ಬಡವನಲ್ಲವಂತೆ ಎಂದ. ಐವತ್ತೆರಡು ವರ್ಷದಲ್ಲಿ ಅಡವಿಯಪ್ಪನ ಬಗ್ಗೆ ಇಂಥ ಮಾತನ್ನು ಯಾರೂ ಆಡಿರಲಿಲ್ಲ.

ಅಕ್ಕಿ ಹೋದರೆ ಹೋಗಲಿ, ಮನೆಯಲ್ಲಿ ರಾಗಿ ಇತ್ತು. ಆದರೆ ಹೆಂಡತಿ ಕದರಮ್ಮನ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಸೋಮವಾರ ತುಮಕೂರಿನಲ್ಲಿ ಆಪರೇಷನ್. ಬಡವರ ಕಾರ್ಡು ತೋರಿಸಿದರೆ ಪುಕ್ಕಟೆ, ಇಲ್ಲದಿದ್ದರೆ ಎಂಬತ್ತು ಸಾವಿರ. ಅವತ್ತು ಆಗಲೇ ಶುಕ್ರವಾರ.

ಸಾಲಿನಲ್ಲಿ ಹಿಂದೆ ನಿಂತಿದ್ದವನು ಪಕ್ಕದ ಮನೆಯ ಮಹಾಲಿಂಗಯ್ಯ. ಯಾರ ಮನೆಯ ಸಾರಿಗೆ ಉಪ್ಪು ಕಮ್ಮಿ ಎನ್ನುವುದೂ ಅವನಿಗೆ ಗೊತ್ತಿರುತ್ತದೆ.

“ಇನ್ನೇನ್ಲಾ ಮಾಡ್ತಾರೆ? ಕ್ಯಾತ್ಸಂದ್ರದ ಹೈವೇ ಪಕ್ಕ ನಿನ್ ಫೋಟೋ ಮನೆ ಗಾತ್ರ ನಿಂತೈತೆ. ‘ಯಜಮಾನರ ಮನೆಗೆ ಬನ್ನಿ’ ಅಂತ ಬರ್ದವ್ರೆ. ಕಾರ್ಡ್ ಆಫೀಸಿನೋರಿಗೆ ಕಣ್ಣಿಲ್ವಾ?”

ಸಂಗತಿ ಇಷ್ಟೇ. ಗುಬ್ಬಿ ರಸ್ತೆಯ ತೆಂಗಿನ ತೋಟವೊಂದನ್ನು ತುಮಕೂರು ಸದಾಶಿವನಗರದ ಕೃಷ್ಣಕುಮಾರ್ ಕೊಂಡರು. ಕುಣಿಗಲ್ ಕಡೆ ಕೆಡವಿದ ಹಳೇ ಮನೆಗಳ ಕಂಬ, ಬಾಗಿಲು, ಹೆಂಚು ಲಾರಿಯಲ್ಲಿ ತರಿಸಿ, ಇನ್ನೂರು ವರ್ಷದ ಮನೆಯನ್ನು ಎಂಟೇ ತಿಂಗಳಲ್ಲಿ ಕಟ್ಟಿ ನಿಲ್ಲಿಸಿದರು. ಬೆಂಗಳೂರಿನವರು ರಾತ್ರಿಗೆ ಒಂಬತ್ತು ಸಾವಿರ ಕೊಟ್ಟು ಬಂದು, ಮುದ್ದೆಯನ್ನು ಚಮಚದಲ್ಲಿ ಕೆರೆದು ತಿಂದು, ಹೋಗುವಾಗ ಕಣ್ಣೊರೆಸಿಕೊಳ್ಳುವುದು ಶುರುವಾಯಿತು. ಅಂಥ ಮನೆಗೊಬ್ಬ ಯಜಮಾನ ಬೇಕಲ್ಲ. ಕೃಷ್ಣಕುಮಾರ್ ಯಾವಾಗಲೂ ಚಡ್ಡಿಯಲ್ಲೇ ಓಡಾಡುವವರು, ಅವರಲ್ಲಿ ಆ ಕಳೆ ಇರಲಿಲ್ಲ. ತೋಟದಲ್ಲಿ ಕಾಯಿ ಸುಲಿಯುತ್ತಿದ್ದ ಅಡವಿಯಪ್ಪನಿಗೆ ಆರಡಿ ಎತ್ತರ, ಗಿರಿಜಾ ಮೀಸೆ. ಅವನ ತಲೆಗೆ ಜರಿ ಪೇಟ ಸುತ್ತಿಸಿ ಉಯ್ಯಾಲೆಯ ಮೇಲೆ ಕೂರಿಸಿದರು. ದಿನಕ್ಕೆ ಐನೂರು ಕೂಲಿ. ಅತಿಥಿಗಳು ಬಂದಾಗ ಯಜಮಾನ, ಹೋದ ಮೇಲೆ ಮತ್ತೆ ಕಾಯಿ ಸುಲಿಯುವುದು.

ಅಡವಿಯಪ್ಪ ಓಡೋಡಿ ಹೋಗಿ, ನಾನು ಬರೀ ಕೂಲಿಯವನು ಅಂತ ಒಂದು ಚೀಟಿ ಬರೆದುಕೊಡಿ ಎಂದು ಕೃಷ್ಣಕುಮಾರ್ ಅವರನ್ನು ಬೇಡಿಕೊಂಡ.

“ಬರ್ಕೊಟ್ರೆ ನಾಳೆ ಅದು ವಾಟ್ಸಾಪಲ್ಲಿ ಓಡಾಡುತ್ತೆ ಕಣಯ್ಯಾ. ಯಜಮಾನ ಕೂಲಿ ಅಂತ ಗೊತ್ತಾದ್ರೆ ಯಾರ್ ಬರ್ತಾರೆ ಇಲ್ಲಿಗೆ? ನಲವತ್ತು ಜನ ದಾರೀಲಿದಾರೆ. ಪೇಟ ಸುತ್ಕೋ, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ.”

ಇತ್ತ ಮಹಾಲಿಂಗಯ್ಯ ಸುಮ್ಮನಿದ್ದಾನೆಯೇ? ಗುಬ್ಬಿಯ ಕಾರ್ಡ್ ಆಫೀಸಿಗೆ ಫೋನು ಮಾಡಿ, ನಮ್ಮ ಅಡವಿಯಪ್ಪನ ಬಡತನವನ್ನು ನೀವೇ ಬಂದು ಕಣ್ಣಾರೆ ನೋಡಿ ಎಂದು ಅಧಿಕಾರಿ ಹರ್ಷಿತಾ ಮೇಡಂ ಅವರನ್ನು ಕರೆದೇಬಿಟ್ಟಿದ್ದ. ಅವರು ಬಂದಾಗ ಅಡವಿಯಪ್ಪ ಜರಿ ಪೇಟ, ರೇಷ್ಮೆ ಶಲ್ಯದಲ್ಲಿ ಉಯ್ಯಾಲೆ ತೂಗುತ್ತಿದ್ದ. ಅತಿಥಿಗಳು ಸಾಲಾಗಿ ಬಂದು ಅವನ ಕಾಲಿಗೆ ಬೀಳುತ್ತಿದ್ದರು. ಕಾರ್ಡ್ ಆಫೀಸಿನ ಮೇಡಂ ಇವರೇ ಎಂದು ಮಹಾಲಿಂಗಯ್ಯ ದೂರದಿಂದಲೇ ಅಡವಿಯಪ್ಪನಿಗೆ ಸನ್ನೆ ಮಾಡಿ ಮರೆಯಾದ. ಹರ್ಷಿತಾ ಕಂಬಕ್ಕೊರಗಿ ನಿಂತು ಏನೋ ಬರೆದುಕೊಂಡರು.

ಅಡವಿಯಪ್ಪನ ತಲೆ ಕಲಸಿದ ರಾಗಿ ಹಿಟ್ಟಿನಂತಾಯಿತು. ಯಜಮಾನ ಎಂದರೆ ಕಾರ್ಡು ಹೋಗುತ್ತದೆ, ಅಲ್ಲ ಎಂದರೆ ಕೆಲಸ ಹೋಗುತ್ತದೆ. ಅಷ್ಟರಲ್ಲಿ ಅತಿಥಿ ಹೆಂಗಸೊಬ್ಬರು, ತೋಟ ಎಷ್ಟು ಎಕರೆ ಯಜಮಾನ್ರೇ ಎಂದು ಕೇಳಿದರು. ಕಣ್ಣು ಹಾಯುವಷ್ಟು ದೂರವೂ ನಮ್ಮದೇ ಎನ್ನಬೇಕೆಂದು ಅವನಿಗೆ ಹೇಳಿಕೊಟ್ಟಿದ್ದರು. ಅವನಿಗೆ ಕದರಮ್ಮ ಹೊಟ್ಟೆ ಹಿಡಿದುಕೊಂಡು ಕೂತದ್ದು ಕಣ್ಣಿಗೆ ಕಟ್ಟಿತು.

“ನಂಗೆ ಒಂದ್ ಗುಂಟೆನೂ ಇಲ್ಲ ಕಣಮ್ಮಾ. ದಿನಕ್ಕೆ ಐನೂರು ಕೂಲಿ.”

ನಲವತ್ತು ಜನವೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಯಜಮಾನರಿಗೆ ತಮಾಷೆ ಜಾಸ್ತಿ ಎಂದು ಕೃಷ್ಣಕುಮಾರ್ ಎಲ್ಲರಿಗಿಂತ ಜೋರಾಗಿ ನಕ್ಕರು. ಅಡವಿಯಪ್ಪ ಕದರಮ್ಮನ ಮೇಲೆ ಆಣೆ ಇಟ್ಟ. ಇನ್ನಷ್ಟು ನಗು. ಸತ್ಯ ಹೇಳಿದರೆ ಚಪ್ಪಾಳೆ ಬೀಳುವ ಜಾಗದಲ್ಲಿ ಮನುಷ್ಯ ಇನ್ನೇನು ತಾನೇ ಹೇಳಿಯಾನು!

ಅವನಿಗೆ ರೇಗಿತು. ಪೇಟ ಕಿತ್ತು ಉಯ್ಯಾಲೆಯ ಮೇಲಿಟ್ಟು ಸೀದಾ ಹಿತ್ತಲಿಗೆ ಹೋದ. ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗೆ ಕಾಯಿ ಕುಕ್ಕಿ ಸರಸರ ಸುಲಿಯತೊಡಗಿದ. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಇಪ್ಪತ್ತು ಕಾಯಿ, ನಲವತ್ತು ಕಾಯಿ. ಇಷ್ಟು ದೊಡ್ಡ ಯಜಮಾನರು ಎಷ್ಟು ಸರಳ ನೋಡಿ ಎನ್ನುತ್ತಾ ಅತಿಥಿಗಳು ವೀಡಿಯೋ ಮಾಡಿಕೊಂಡು ಊಟಕ್ಕೆ ಹೋದರು. ಹರ್ಷಿತಾ ಮಾತ್ರ ಹತ್ತಿರ ಬಂದು, ಕೈ ತೋರಿಸಿ ಎಂದರು. ಅವರ ತಂದೆಯೂ ಬೇರೆಯವರ ತೋಟದಲ್ಲಿ ಕಾಯಿ ಸುಲಿದೇ ಮಗಳನ್ನು ಓದಿಸಿದವರು. ಅಂಗೈಯ ದಡ್ಡುಗಳ ಮೇಲೆ ಬೆರಳಾಡಿಸಿದ ಅವರಿಗೆ ಇನ್ನೇನೂ ಕೇಳುವುದು ಉಳಿಯಲಿಲ್ಲ.

“ನೀವು ಕೂಲಿಯೋರು. ನಂಗೆ ಅನುಮಾನ ಇಲ್ಲ.”

ಅಡವಿಯಪ್ಪನ ಕಣ್ಣಲ್ಲಿ ನೀರು ಬಂತು. ತೆಂಗಿನ ಮರದ ಹಿಂದೆ ಅಡಗಿದ್ದ ಮಹಾಲಿಂಗಯ್ಯ, ಇದೆಲ್ಲ ತನ್ನಿಂದಲೇ ಆದದ್ದೆಂಬಂತೆ ಮುಂದೆ ಬಂದು ನಿಂತ.

“ಆದ್ರೆ ಕಾರ್ಡ್ ತಡೆದಿರೋದು ಬೋರ್ಡಲ್ಲಿರೋ ಫೋಟೋ ನೋಡಿ ಅಲ್ಲ,” ಎನ್ನುತ್ತಾ ಹರ್ಷಿತಾ ಫೈಲು ಬಿಚ್ಚಿದರು. ಅತಿಥಿಗಳನ್ನು ಇಳಿಸಿಕೊಳ್ಳುವ ಇಂಥ ಮನೆ ನಡೆಸಲು ಊರಿನವರಿಗೆ ಮಾತ್ರ ಪರವಾನಗಿಯಂತೆ. ಪರವಾನಗಿ, ಬ್ಯಾಂಕಿನ ಖಾತೆ, ಸರ್ಕಾರಕ್ಕೆ ಕೊಟ್ಟ ಲೆಕ್ಕ ಎಲ್ಲದರಲ್ಲೂ ಮಾಲೀಕ ಅಡವಿಯಪ್ಪ. ಹೋದ ವರ್ಷದ ಆದಾಯ ಮೂವತ್ತೆಂಟು ಲಕ್ಷ. ಕೆಳಗೆ ಅವನದೇ ಸೊಟ್ಟ ಸೈನು. ಯಜಮಾನನ ಕೆಲಸಕ್ಕೆ ಸೇರಿದ ದಿನ ಕೃಷ್ಣಕುಮಾರ್ ಪೇಟದ ಅಳತೆ ತೆಗೆಯುತ್ತಾ ಆರು ಕಡೆ ಹಾಕಿಸಿಕೊಂಡದ್ದು.

ಬೆಳಗಿನಿಂದ ತಾನು ಯಜಮಾನನಲ್ಲ ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಹಿತ್ತಲಿಗೆ ಹಿಂದೆಯೇ ಬಂದಿದ್ದ ಕೃಷ್ಣಕುಮಾರ್ ಆಕಾಶ ನೋಡುತ್ತಿದ್ದರು. ಮೋಸ ಆಗಿದೆಯೆಂದು ದೂರು ಕೊಡಿ, ತನಿಖೆ ಮುಗಿಯಲು ಆರು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಕಾರ್ಡು ಬಿಡುವುದು ನನ್ನ ಕೈಯಲ್ಲಿಲ್ಲ ಎಂದು ಹರ್ಷಿತಾ ತಲೆ ತಗ್ಗಿಸಿದರು.

“ಅಲ್ಲೀಗಂಟ ಇದ್ರ ಯಜಮಾನ ನಾನೇನಾ ಮೇಡಂ?”

“ಕಾಗದದಲ್ಲಿ ನೀವೇ.”

ಅಡವಿಯಪ್ಪ ಸುಲಿದ ಕಾಯಿಗಳ ರಾಶಿಯ ಪಕ್ಕ ಕುಕ್ಕರಿಸಿದ. ಕೃಷ್ಣಕುಮಾರ್ ಅವರನ್ನು ನೋಡಿದ, ಹರ್ಷಿತಾ ಅವರನ್ನು ನೋಡಿದ, ತನ್ನ ಕೈಗಳನ್ನೇ ಒಮ್ಮೆ ನೋಡಿಕೊಂಡ.

“ಅಂಗಾರೆ ಸೋಮವಾರದ ಆಪರೇಷನ್‌ಗೆ ಕೂಲಿ ಅಡ್ವಾನ್ಸು ಯಾರ್ನ ಕೇಳ್ಲಿ ಮೇಡಂ?”