ಡಾಕ್ಟರುಗಳು ನನ್ನ ಗುರುತು ಹಿಡಿದ ಬಗೆ

ಯಾರಿಗಾದರೂ ಸಹಾಯ ಮಾಡಿದರೆ ಅವರು ನಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ ಅನ್ನುವುದು ನಿಜ. ಏನಂತ ನೆನಪಿಟ್ಟುಕೊಳ್ಳುತ್ತಾರೆ ಅನ್ನುವುದು ಮಾತ್ರ ನಮ್ಮ ಕೈಯಲ್ಲಿಲ್ಲ. ನನ್ನ ಕೆಲಸದಲ್ಲಿ ಇದು ಒಂದಲ್ಲ ಒಂದು ಊರಿನಲ್ಲಿ ಆಗುತ್ತಲೇ ಇತ್ತು.

ಮೊಬೈಲ್ ಇಲ್ಲದ ಕಾಲ. ನಾನು ಆಗ ಮೆಡಿಕಲ್ ರೆಪ್. ಬ್ಯಾಗು ಹಿಡಿದು, ಟೈ ಕಟ್ಟಿ, ಡಾಕ್ಟರುಗಳ ಮುಂದೆ ನಿಂತು ನಮ್ಮ ಕಂಪನಿಯ ಮಾತ್ರೆ, ಸಿರಪ್ಪುಗಳ ಗುಣಗಾನ ಮಾಡುವ ಕೆಲಸ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ನನ್ನ ಪಾಲಿಗೆ ಬಂದಿದ್ದವು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಡಾಕ್ಟರುಗಳು ನಿನ್ನ ಗುರುತು ಹಿಡೀಬೇಕು, ಆಗ ಕಾಯಂ" ಅಂದಿದ್ದರು ಮ್ಯಾನೇಜರ್. ಡಾಕ್ಟರುಗಳೋ, ಹೋದಾಗಲೆಲ್ಲ ನನ್ನ ಮುಖ ನೋಡಿ "ಎಲ್ಲಿ, ನಾಲಗೆ ಚಾಚಿ" ಅನ್ನುತ್ತಿದ್ದರು.

ಇದೇ ಕೆಲಸದಲ್ಲಿ ತಲೆ ನೆರೆಸಿಕೊಂಡ ಹಿರಿಯರೊಬ್ಬರು ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಸಿ ಬುದ್ಧಿ ಹೇಳಿದರು. "ಔಷಧಿ ಹೆಸರು ಯಾರಿಗೂ ನೆನಪಿರಲ್ಲ ಕಣಯ್ಯ. ಕಷ್ಟಕ್ಕೆ ಆದವನು ನೆನಪಿರ್ತಾನೆ. ಮೊದಲು ಕೈ ಜೋಡಿಸು, ಆಮೇಲೆ ಬ್ಯಾಗ್ ಬಿಚ್ಚು."

ಕೈ ಜೋಡಿಸಲು ಶುರು ಮಾಡಿದೆ.

ಸೂಜಿ ಮಾಮ

ಚನ್ನಪಟ್ಟಣದಲ್ಲಿ ಒಬ್ಬರು ಮಕ್ಕಳ ಡಾಕ್ಟರು. ಅವತ್ತು ಕಾಂಪೌಂಡರ್ ರಜ. ಬೈರಾಪಟ್ಟಣದಿಂದ ಬಂದಿದ್ದ ಒಂದು ಪುಟ್ಟ ಹುಡುಗಿ ಸೂಜಿ ಕಂಡದ್ದೇ ತಡ, ಟೇಬಲ್ಲಿನ ಕೆಳಗೆ ಸೇರಿಕೊಂಡಿತು. ಅವರಮ್ಮನ ಕೈಗೂ ಸಿಗಲಿಲ್ಲ. ನಾನು ಬ್ಯಾಗು ಕೆಳಗಿಟ್ಟು, ಮಗುವನ್ನು ಎತ್ತಿ, ಅಲುಗಾಡದ ಹಾಗೆ ಹಿಡಿದುಕೊಂಡೆ. ಅದು ನನ್ನ ಕೈ ಕಚ್ಚಿತು. ಡಾಕ್ಟರು ಮಾತ್ರ "ನಿಮ್ಮ ಹಿಡಿತ ಬಹಳ ಚೆನ್ನಾಗಿದೆ ಕಣ್ರೀ" ಅಂತ ಹೊಗಳಿದರು.

ಅಲ್ಲಿಂದ ಮುಂದೆ ನಾನು ಹೋಗುವ ದಿನಕ್ಕೇ ಹಟಮಾರಿ ಮಕ್ಕಳ ಇಂಜೆಕ್ಷನ್ನುಗಳನ್ನೆಲ್ಲ ಕಾದಿರಿಸಲು ಶುರು ಮಾಡಿದರು. ಊರಿನ ಮಕ್ಕಳಿಗೆಲ್ಲ ನಾನು ಸೂಜಿ ಮಾಮನಾದೆ.

ಒಂದು ಭಾನುವಾರ ಅಮ್ಮನನ್ನು ಕರೆದುಕೊಂಡು ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋದೆ. ಅಲ್ಲಿನ ಅಂಬೆಗಾಲು ಕೃಷ್ಣನಿಗೆ, ಮಕ್ಕಳಾಗಲಿ ಅಂತ ಜನ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಆದಮೇಲೆ ಮಕ್ಕಳನ್ನು ಎತ್ತಿಕೊಂಡು ಬಂದು ಹರಕೆ ತೀರಿಸುತ್ತಾರೆ. ಕ್ಯೂನಲ್ಲಿ ಮುಂದಿದ್ದ ಮಗುವೊಂದು ಹಿಂದೆ ತಿರುಗಿ ನನ್ನನ್ನು ನೋಡಿ ಕಿಟಾರನೆ ಕಿರುಚಿತು. ಅದರ ಮುಂದಿನದ್ದು ಇದನ್ನು ಕೇಳಿ ತಿರುಗಿತು, ಅದೂ ಕಿರುಚಿತು. ಒಬ್ಬ ಹುಡುಗ ಅಪ್ಪನ ಹೆಗಲಿಂದ ಇಳಿದು ಹೊರಗೆ ಓಡಿಯೇಬಿಟ್ಟ.

ಗಲಾಟೆ ಕೇಳಿ ಅರ್ಚಕರು ಹೊರಗೆ ಬಂದರು. ವಿಷಯ ತಿಳಿದು ನನಗೆ ಕೈ ಮುಗಿದರು. "ಸ್ವಾಮಿ, ಇಲ್ಲಿಗೆ ಜನ ಮಕ್ಕಳಾಗಲಿ ಅಂತ ಬರ್ತಾರೆ. ನೀವು ಇರೋ ಮಕ್ಕಳನ್ನೂ ಓಡಿಸ್ತಾ ಇದೀರಿ. ಮೊದಲು ದರ್ಶನ ಮುಗಿಸ್ಕೊಂಡು ಹೊರಟುಬಿಡಿ!"

ಹಸಿರು ಟೈ

ಮಾಗಡಿಯ ಡಾಕ್ಟರಿಗೆ ಮಾತು ಕಮ್ಮಿ. ಕ್ಲಿನಿಕ್ಕಿನ ಹಿಂದೆಯೇ ಮನೆ, ಮನೆಯ ಪಕ್ಕ ಕೊಟ್ಟಿಗೆ. ಒಂದು ಬೆಳಿಗ್ಗೆ ನಾನು ಕಾಯುತ್ತ ಕೂತಿದ್ದಾಗ ಅವರ ಹೆಂಡತಿ ಓಡಿ ಬಂದರು. "ಹಸು ಹಗ್ಗ ಕಿತ್ಕೊಂಡು ಹೋಯ್ತು! ಕಂದು ಬಣ್ಣ, ಹಣೆ ಮೇಲೆ ಬಿಳಿ ಮಚ್ಚೆ!"

ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೇ? ತಿಪ್ಪಸಂದ್ರದ ರಸ್ತೆಯಲ್ಲಿ ಓಡಿದೆ. ಬೇಲಿ ಪಕ್ಕ ಕಂದು ಬಣ್ಣದ್ದು, ಬಿಳಿ ಮಚ್ಚೆಯದ್ದು, ತಣ್ಣಗೆ ಮೇಯುತ್ತಿತ್ತು. ಹಗ್ಗ ಹಿಡಿದೆ. ಒಂದಿಷ್ಟೂ ತಕರಾರಿಲ್ಲದೆ ಬೆನ್ನಿಗೇ ಬಂತು. ದನ ಕಾಯುವ ವಿದ್ಯೆ ನನ್ನ ರಕ್ತದಲ್ಲೇ ಇದೆ ಅಂತ ಬೀಗಿದೆ.

ಕೊಟ್ಟಿಗೆಗೆ ಬಂದು ನೋಡಿದರೆ ಡಾಕ್ಟರ ಹಸು ಆಗಲೇ ತಾನಾಗಿ ಬಂದು ಹುಲ್ಲು ತಿನ್ನುತ್ತ ನಿಂತಿದೆ! ಎರಡೂ ಒಂದನ್ನೊಂದು ನೋಡಿದವು. ಅಷ್ಟರಲ್ಲಿ ಏದುಸಿರು ಬಿಡುತ್ತ ಒಬ್ಬ ರೈತ ಬಂದ.

"ಟೈ ಕಟ್ಕಂಡಿರೋನು ನನ್ನಸ ಹೊಡ್ಕಂಡೋದ ಅಂತ ದಾರಿಯುದ್ದಕ್ಕೂ ಬಡ್ಕಂಡೆ. ಒಬ್ರೂ ನಂಬ್ನಿಲ್ಲ ಕಣ್ ಸಾಮಿ!"

ತಪ್ಪಾಯಿತು ಅಂತ ಕೈ ಮುಗಿದೆ. ಆದರೂ ಕುತೂಹಲ ತಡೆಯಲಿಲ್ಲ. "ನಿಮ್ಮ ಹಸು ಬಲು ಸಾಧು. ಕರೆದ ತಕ್ಷಣ ಬಂತು" ಅಂದೆ.

"ಸಾಧುವಾ? ನನ್ನೆಡ್ತಿ ಬುಟ್ರೆ ಯಾರ್ನೂ ಅತ್ರ ಸೇರ್ಸಕಿಲ್ಲ ಅದು. ನಿಮ್ ಕತ್ತ ಒಸಿ ನೋಡ್ಕಳಿ."

ನೋಡಿಕೊಂಡೆ. ಗಾಳಿಗೆ ಹೆಗಲ ಹಿಂದಕ್ಕೆ ಹಾರಿದ್ದ ನನ್ನ ಹಸಿರು ಟೈ ಗಂಟಿನವರೆಗೂ ಮಾಯವಾಗಿತ್ತು. ಹಸು ಇನ್ನೂ ಅಗಿಯುತ್ತಿತ್ತು.

ಮಾತು ಕಮ್ಮಿಯ ಡಾಕ್ಟರು ಅವತ್ತಿನಿಂದ ನನ್ನನ್ನು ಕಂಡರೆ ತಾವಾಗಿಯೇ ಮಾತಾಡಿಸುತ್ತಿದ್ದರು. "ಬನ್ನಿ ಬನ್ನಿ. ಇವತ್ತೇನು ಮೇವು ತಂದಿಲ್ವಾ?"

ಸೀಟು

ಕನಕಪುರದ್ದು ಚಿಕ್ಕ ಕಥೆ. ಅಲ್ಲಿನ ವಯಸ್ಸಾದ ಡಾಕ್ಟರು ಸಾತನೂರಿಗೆ ಹೊರಟಿದ್ದರು. ಬಸ್ಸಿಗೆ ಜನ ಮುಗಿಬಿದ್ದಿದ್ದರು. "ನೀವು ನಿಧಾನಕ್ಕೆ ಬನ್ನಿ ಸಾರ್, ಸೀಟಿನ ಜವಾಬ್ದಾರಿ ನಂದು" ಅಂತ ಓಡಿ, ಕಿಟಕಿಯಿಂದ ನನ್ನ ಔಷಧಿ ಬ್ಯಾಗನ್ನೇ ಸೀಟಿನ ಮೇಲೆ ಹಾಕಿದೆ. ನಿಧಾನಕ್ಕೆ ಬನ್ನಿ ಅಂತ ನಾನಂದದ್ದನ್ನು ಡಾಕ್ಟರು ಚಾಚೂ ತಪ್ಪದೆ ಪಾಲಿಸಿದರು. ಬಸ್ಸು ಹೊರಟೇಹೋಯಿತು.

ಧೂಳಿನಲ್ಲಿ ಇಬ್ಬರೂ ನಿಂತೆವು. ಡಾಕ್ಟರು ನನ್ನ ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡಿ. ನಾವು ಹೋಗದಿದ್ರೂ ನಿಮ್ಮ ಔಷಧಿ ಆರಾಮಾಗಿ ಕೂತ್ಕೊಂಡು ಹೋಯ್ತಲ್ಲ."

ಅಳಿಯ

ಕೊನೆಗೆ ಮ್ಯಾನೇಜರ್ ಬಂದೇ ಬಂದರು. "ರಾಮನಗರದ ದೊಡ್ಡ ಡಾಕ್ಟರು ನಿನ್ನ ಗುರುತು ಹಿಡಿದ್ರೆ ಕಾಯಂ. ಇಲ್ಲದಿದ್ರೆ ಬೇರೆ ಕೆಲಸ ನೋಡ್ಕೊ" ಅಂದರು. ಆ ಡಾಕ್ಟರು ತಲೆಯೆತ್ತಿ ರೆಪ್ಪುಗಳ ಮುಖ ನೋಡಿದವರೇ ಅಲ್ಲ.

ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬಳು ಅಜ್ಜಿ. ರೇಷ್ಮೆ ಹುಳು ಸಾಕುವ ಮನೆಯವಳು, ಗೂಡು ಮಾರಲು ಮಗಳ ಜೊತೆ ಬಂದಿದ್ದಳಂತೆ. ಮಗಳು ಮಾರುಕಟ್ಟೆಯಲ್ಲಿ ಉಳಿದಿದ್ದಳು. ಅಜ್ಜಿಗೆ ಕಿವಿ ಮಂದ. "ಡಾಕ್ಟ್ರು ಏನಂದ್ರು ಅಂತ ಒಸಿ ಯೋಳಪ್ಪ, ಒಳೀಕ್ ಬಾ" ಅಂದಳು. ಹೋದೆ. ಮ್ಯಾನೇಜರ್ ಬಾಗಿಲ ಹೊರಗೇ ಕೂತರು.

ಡಾಕ್ಟರದ್ದು ಮೆಲುದನಿ. ಬರೆಯುತ್ತಲೇ ಕೇಳಿದರು, "ಹೊಟ್ಟೆನೋವು ಯಾವಾಗಿಂದ?"

ನಾನು ಅಜ್ಜಿಯ ಕಿವಿಗೆ ಬಾಯಿಟ್ಟು ಕೂಗಿದೆ. "ಹೊಟ್ಟೆನೋವು ಯಾವಾಗಿಂದ?"

ಅಜ್ಜಿ ನನಗಿಂತ ಜೋರಾಗಿ ಕೂಗಿದಳು. "ಅಳಿಯ ಬಂದು ಮನೇಲಿ ಕುಂತಾಗ್ಲಿಂದ!"

ಹೊರಗೆ ಕೂತಿದ್ದವರೆಲ್ಲ ಕಿಸಕ್ಕೆಂದರು.

"ಊಟ ಸರಿಯಾಗಿ ಮಾಡ್ತಾರಾ?"

"ಊಟ ಮಾಡ್ತೀಯಾ ಅಜ್ಜಿ?"

"ಮಾಡ್ದ ಮುದ್ದೇನೆಲ್ಲ ಅವ್ನೇ ನುಂಗ್‌ಬುಡ್ತಾನೆ!"

ಡಾಕ್ಟರು ಮೊದಲ ಬಾರಿಗೆ ತಲೆಯೆತ್ತಿದರು. ಅಜ್ಜಿಯನ್ನಲ್ಲ, ನನ್ನನ್ನು ನೋಡಿದರು. "ನೀವು ಇವರಿಗೆ ಏನಾಗ್ಬೇಕು?"

ಕೂಗಿ ಕೂಗಿ ರೂಢಿಯಾಗಿಬಿಟ್ಟಿತ್ತು. ಅದನ್ನೂ ಕೂಗಿಬಿಟ್ಟೆ. "ನಾನು ನಿನಗೆ ಏನಾಗ್ಬೇಕು ಅಜ್ಜಿ?"

ಅಜ್ಜಿ ನನ್ನ ಗಲ್ಲ ಸವರಿ ನೆಟಿಗೆ ಮುರಿದಳು. "ನೀನಾ? ನಂಗೆ ಅಳಿಯ ಇದ್ದಂಗೆ ಕಣಪ್ಪ!"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅತ್ತೆ ಮುದ್ದೆ ಕಿತ್ಕೊಂಡು ತಿನ್ನೋಕೆ ನಾಚಿಕೆ ಆಗಲ್ವೇನ್ರೀ?"

"ಸಾರ್, ನಾನು ಅಳಿಯ ಅಲ್ಲ, ಕಂಪನಿ ಕೆಲಸದಲ್ಲಿದೀನಿ..."

"ಕೆಲಸ ಬೇರೆ ಇದೆ! ಅಷ್ಟಿದ್ದೂ ಅತ್ತೆ ಮನೇಲಿ ಯಾಕ್ರೀ ಕೂತಿದೀರಿ?"

ಬ್ಯಾಗು ಬಿಚ್ಚಿ ಮಾತ್ರೆಗಳನ್ನು ಟೇಬಲ್ ಮೇಲೆ ಇಟ್ಟಾಗಲೇ ಅವರಿಗೆ ಅರ್ಥವಾದದ್ದು. ನಗು ಶುರುವಾಯಿತು. ನಗುತ್ತ ನಗುತ್ತ ಅಜ್ಜಿಗೆ ಔಷಧಿ ಬರೆದುಕೊಟ್ಟರು, ಮ್ಯಾನೇಜರನ್ನು ಒಳಗೆ ಕರೆದು ಕೂರಿಸಿದರು, ನನ್ನ ಮಾತನ್ನು ಕೊನೆಯವರೆಗೂ ಕೇಳಿದರು. "ಇವರ ಮುಖ ನಾನು ಜನ್ಮದಲ್ಲಿ ಮರೆಯಲ್ಲ" ಅಂತಲೂ ಹೇಳಿದರು. ಮ್ಯಾನೇಜರ್ ಅಲ್ಲೇ ನನ್ನ ಕೈ ಕುಲುಕಿದರು. ಕಾಯಂ! ಕಣ್ಣಲ್ಲಿ ನೀರು ಬಂತು.

ಹೊರಗೆ ಬಂದರೆ ಅಜ್ಜಿ ಇನ್ನೂ ಬೆಂಚಿನ ಮೇಲೇ ಕಾಯುತ್ತಿದ್ದಳು. ನನ್ನ ಕೈ ಹಿಡಿದು, ಕ್ಲಿನಿಕ್ಕಿಗೆಲ್ಲ ಕೇಳುವ ಹಾಗೆ ಗುಟ್ಟಾಗಿ ಕೇಳಿದಳು. "ಮದ್ವೆ ಆಗೈತೇನಪ್ಪ? ಮನೇಲಿ ಇನ್ನೊಬ್ಳು ಮಗ್ಳವ್ಳೆ."

ನಾನು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಕೂತಿದ್ದ ರೋಗಿಯೊಬ್ಬ ನರಳುವುದನ್ನು ನಿಲ್ಲಿಸಿ ಕೂಗಿದ. "ಬ್ಯಾಡ ಕಣಜ್ಜೀ! ಒಬ್ಬ ಅಳಿಯಂಗೇ ಹೊಟ್ಟೆ ಹಿಂಗಾಗೈತೆ!"