ನಾಲ್ಕನೆಯವರೆಲ್ಲ ಈ ಕಡೆ ಬನ್ನಿ

ನನ್ನ ಕೈಗೆ ಒಂದು ಸೀಟಿ ಕೊಟ್ಟರೆ ಸಾಕು, ಆಮೇಲೆ ನನ್ನನ್ನು ಹಿಡಿಯುವುದು ಕಷ್ಟ. ವಾರವಿಡೀ ಚೆನ್ನೈನ ಪೆರುಂಗುಡಿಯ ಆಫೀಸಿನಲ್ಲಿ ನನ್ನ ಮಾತನ್ನು ಕಾಫಿ ಮೆಶಿನ್ ಕೂಡ ಕೇಳುವುದಿಲ್ಲ. ಆದರೆ ಶನಿವಾರ ಬೆಳಿಗ್ಗೆ ಕೀಲ್ಪಾಕಿನ ಶಾಲಾ ಮೈದಾನದಲ್ಲಿ ಕೊರಳಿಗೆ ಸ್ಕಾರ್ಫ್ ಕಟ್ಟಿ ಒಂದು ಸಲ ಸೀಟಿ ಊದಿದೆನೆಂದರೆ, ಎಲ್ಲೆಲ್ಲೋ ಚದುರಿದ್ದ ಮಕ್ಕಳು ಓಡೋಡಿ ಬಂದು ಸಾಲಾಗಿ ನಿಲ್ಲುತ್ತಾರೆ. ಈ ಸುಖಕ್ಕಾಗಿಯೇ ನಾನು ಮಗಳು ಸಿಂಚನಾಳ ಸ್ಕೌಟ್ ದಳಕ್ಕೆ ಸಹಾಯಕನಾಗಿ ಸೇರಿದ್ದು. 'ಎಲ್ಲ ಮಗಳಿಗೋಸ್ಕರ' ಎಂದು ಹೇಳಿಕೊಂಡು ತಿರುಗುತ್ತೇನೆ. ಹೆಂಡತಿ ಮಾತ್ರ ನಂಬುವುದಿಲ್ಲ.

ಈ ವರ್ಷ ದಳಕ್ಕೆ ಮಕ್ಕಳು ಎಷ್ಟು ಸೇರಿಬಿಟ್ಟರೆಂದರೆ, ಸಾಲು ಮೈದಾನದ ಗೇಟು ದಾಟಿ ರಸ್ತೆಗಿಳಿದು ಆಟೋದವರ ಕೈಲಿ ಬೈಸಿಕೊಳ್ಳತೊಡಗಿತು. ಮುಂದಿದ್ದವರಿಗೆ ಗಂಟು ಹಾಕುವುದನ್ನು ಕಲಿಸುತ್ತಿದ್ದರೆ ಹಿಂದಿದ್ದವರು ಅದೇ ಹಗ್ಗದಲ್ಲಿ ಜಗ್ಗಾಟ ಶುರುಮಾಡುತ್ತಿದ್ದರು. ದಳವನ್ನು ನಡೆಸುವ ಚಂದ್ರಾ ಮೇಡಂ ಸುಸ್ತಾಗಿ ನನ್ನನ್ನು ಕರೆದು, "ಸಾರ್, ಆಫೀಸ್ಲ ಟೀಮ್ ಎಲ್ಲಾಂ ನೀಂಗದಾನೆ ಪಾಕ್ಕುರೀಂಗ? ಇವಂಗಳಯುಂ ನಾಲು ಗ್ರೂಪಾ ಪಿರಿಚ್ಚುಡುಂಗೊ" ಎಂದರು. ಆಫೀಸಿನಲ್ಲಿ ಟೀಮು ನೋಡಿಕೊಳ್ಳುವವರು ನೀವೇ ತಾನೆ, ಇವರನ್ನೂ ನಾಲ್ಕು ಗುಂಪಾಗಿ ಬೇರ್ಪಡಿಸಿಕೊಡಿ ಎನ್ನುವ ಇಷ್ಟು ಸಣ್ಣ ಕೆಲಸ. ನನಗೆ ಮಾತ್ರ ಮಂತ್ರಿ ಪದವಿ ಸಿಕ್ಕಿದಷ್ಟು ಸಂತೋಷವಾಯಿತು. ಮನೆಯಲ್ಲಿ ಬೆಳಿಗ್ಗೆ ಸಂಜೆ "ನಾನೇ ಪಿರಿಚ್ಚೋದು, ನಾನೇ ಪಿರಿಚ್ಚೋದು" ಎಂದು ಕುಣಿದಾಡಿದೆ. "ಮೊದಲು ಒಣಗಿದ ಬಟ್ಟೆ ಪಿರಿಚ್ಚಿ ಇಡಿ" ಎಂದಳು ಹೆಂಡತಿ.

ಅಷ್ಟೊಂದು ಉತ್ಸಾಹಕ್ಕೆ ಕಾರಣವಿತ್ತು. ಸಿಂಚನಾ ಹುಟ್ಟಿ ಬೆಳೆದದ್ದೆಲ್ಲ ಚೆನ್ನೈ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. 'ಅಪ್ಪಾ' ಎಂದು ಕರೆಯುತ್ತಾಳೆ ನಿಜ, ಆದರೆ ಅದು ಎರಡೂ ಭಾಷೆಗೆ ಸೇರಿದ್ದರಿಂದ ಯಾರ ಖಾತೆಗೆ ಜಮಾ ಎಂದು ಗೊತ್ತಾಗುವುದಿಲ್ಲ. ತುಮಕೂರಿನಿಂದ ನನ್ನ ಅಮ್ಮ ಭಾನುವಾರ ಫೋನು ಮಾಡಿ "ಊಟ ಆಯ್ತಾ ಪುಟ್ಟೀ?" ಎಂದರೆ, "ಸಾಪ್ಟೇನ್ ಪಾಟ್ಟಿ" ಎಂದು ಹೇಳಿ ಓಡಿಬಿಡುತ್ತಿದ್ದಳು. ಒಂದು ದಿನ ಅಮ್ಮ ಮೆಲ್ಲಗೆ, "ನಾನು ಹೇಳೋದು ಅವಳಿಗೆ ತಿಳಿಯುತ್ತೆ ಕಣೋ, ಅವಳು ಹೇಳೋದೇ ನನಗೆ ತಿಳಿಯಲ್ಲ" ಎಂದಳು. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು.

ಆದ್ದರಿಂದ ದಳದ ಕನ್ನಡದ ಮಕ್ಕಳನ್ನೆಲ್ಲ ಗುಟ್ಟಾಗಿ ಒಂದೇ ಗುಂಪಿಗೆ ತುಂಬುವುದೆಂದು ಲೆಕ್ಕ ಹಾಕಿದೆ. ಅವರವರೇ ಸೇರಿದರೆ ಕನ್ನಡ ತಾನಾಗಿ ಹೊರಬರುತ್ತದೆ! ವಡಪಳನಿಯಲ್ಲಿ ಹೋಟೆಲು ನಡೆಸುವ ಕುಂದಾಪುರದ ಭಟ್ಟರ ಅವಳಿ ಗಂಡುಮಕ್ಕಳೂ ದಳದಲ್ಲಿದ್ದರು. ಭಟ್ಟರ ಕಿವಿಯಲ್ಲಿ ವಿಷಯ ಹಾಕಿದೆ. "ಒಳ್ಳೇ ಐಡಿಯಾ ಮಾರಾಯ್ರೆ! ನಮ್ಮವಕ್ಕೂ ದೋಸೆ ಬೇಕಾದ್ರೆ ಮಾತ್ರ ಕನ್ನಡ ಬರ್ತದೆ" ಎಂದು ಅವರು ನನ್ನ ಕೈ ಕುಲುಕಿದರು.

ಶನಿವಾರ ಮಕ್ಕಳನ್ನು ನಾನೇ ಸಾಲಾಗಿ ನಿಲ್ಲಿಸಿದೆ. ಪ್ರತಿ ನಾಲ್ಕನೆಯ ಜಾಗದಲ್ಲಿ ಒಂದು ಕನ್ನಡದ ಮಗು, ಲೆಕ್ಕಕ್ಕೆ ಸರಿಯಾಗಿ. ಒನ್, ಟೂ, ತ್ರೀ, ಫೋರ್ ಎಂದು ಎಣಿಸಿಕೊಂಡು ಹೋದರೆ ನನ್ನ ಕನ್ನಡ ಗುಂಪು ಸಿದ್ಧ, ಹೊರಗಿನವರಿಗೆ ಕಾಣುವುದು ಬರೀ ಎಣಿಕೆ. ಒಂದೇ ಬೇಸರವೆಂದರೆ ಸಿಂಚನಾಳ ಜೀವದ ಗೆಳತಿ ಕಯಲ್, ಅಪ್ಪಟ ತಮಿಳು ಹುಡುಗಿ, ಮೂರನೆಯವಳಾಗಿ ಬೇರೆ ಗುಂಪಿಗೆ ಬೀಳುತ್ತಿದ್ದಳು. ಇಬ್ಬರ ಮುಖವೂ ಸಪ್ಪಗಾಗಿತ್ತು. ನಾನು ಮನಸ್ಸು ಗಟ್ಟಿ ಮಾಡಿಕೊಂಡು, ಮಕ್ಕಳನ್ನು ಬಿಡಲು ಬಂದು ಗೇಟಿನ ಹತ್ತಿರ ನಿಂತಿದ್ದ ಭಟ್ಟರತ್ತ ತಿರುಗಿ ಕಣ್ಣು ಮಿಟುಕಿಸಿ, ಸೀಟಿ ಊದಿದೆ.

ಎಣಿಕೆ ಮುಗಿದು "ನಾಲ್ಕನೆಯವರೆಲ್ಲ ಈ ಕಡೆ ಬನ್ನಿ" ಎಂದು ಕೂಗಿದಾಗ ಮೊದಲು ಓಡಿಬಂದವಳು ಕಯಲ್! ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಭಟ್ಟರ ಕಿರಿಯ ಮಗನ ಜೊತೆ ಜಾಗ ಬದಲಾಯಿಸಿಕೊಂಡಿದ್ದಳು. ಅವನೋ, ಅಣ್ಣನಿಂದ ಹೇಗಾದರೂ ತಪ್ಪಿಸಿಕೊಂಡರೆ ಸಾಕೆಂದು ಹುಟ್ಟಿದಾರಭ್ಯ ಕಾದಿದ್ದವನಂತೆ ಖುಷಿಯಾಗಿ ಒಪ್ಪಿದ್ದ. ತುಮಕೂರಿನ ಶಾಲೆಯಲ್ಲಿ ಡ್ರಿಲ್ ಮಾಸ್ತರು ಎಣಿಸುವಾಗ ಹೀಗೆ ಜಾಗ ಬದಲಾಯಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆ ವಿದ್ಯೆ ಮದ್ರಾಸಿನವರಿಗೂ ತಿಳಿದಿದೆಯೆಂದು ನನಗೆ ಹೊಳೆಯಲೇ ಇಲ್ಲ. ಬಾಯಿಬಿಟ್ಟರೆ ನನ್ನ ಗುಟ್ಟೇ ರಟ್ಟು. ಇನ್ನೊಂದು ಸೀಟಿ ಊದಿದೆ.

ಇನ್ನು ಕನ್ನಡ ಬಂದ ಹಾಗೆಯೇ ಎಂದುಕೊಂಡೆ. ಕಯಲ್‌ಗೋಸ್ಕರ ಎಲ್ಲರೂ ತಮಿಳೇ ಆಡುತ್ತಾರೆ, ಇನ್ನೇನು! ಆದರೆ ಆ ಹುಡುಗಿ ಎರಡನೇ ವಾರಕ್ಕೇ ಒಂದು ವಿಷಯ ಕಂಡುಹಿಡಿದಳು. ತನ್ನೊಬ್ಬಳನ್ನು ಬಿಟ್ಟು ಗುಂಪಿನವರಿಗೆಲ್ಲ ಗೊತ್ತಿರುವ, ಉಳಿದ ಗುಂಪುಗಳಿಗೆ ಗೊತ್ತಿಲ್ಲದ ಒಂದು ಭಾಷೆ ಇದೆ! ಬಾಣದ ಗುರುತು ಹುಡುಕುವ ಆಟದಲ್ಲಿ ಇದಕ್ಕಿಂತ ಒಳ್ಳೆಯ ಗುಪ್ತಭಾಷೆ ಸಿಗುತ್ತದೆಯೇ? ಆಟದಲ್ಲಿ ಯಾರೂ ತಮಿಳು ಆಡಕೂಡದೆಂದು ಅವಳೇ ಕಟ್ಟಪ್ಪಣೆ ಮಾಡಿ, ತಾನೂ ಗುಂಪಿನವರ ಹತ್ತಿರ ಕನ್ನಡ ಕಲಿಯತೊಡಗಿದಳು. ಸಿಂಚನಾ ಅಡುಗೆಮನೆಗೆ ಬಂದು 'ಎಡಗಡೆ', 'ಬಲಗಡೆ', 'ಬಚ್ಚಿಟ್ಟುಕೋ' ಎಂದು ಅಮ್ಮನ ಹತ್ತಿರ ಉರುಹೊಡೆಯತೊಡಗಿದಳು. ನನಗೆ ಹಾಲು ಕುಡಿದಷ್ಟು ಸಂತೋಷ. ಎದುರು ಗುಂಪಿನಲ್ಲಿದ್ದ ಭಟ್ಟರ ಕಿರಿಮಗ ಎಲ್ಲವನ್ನೂ ಕೇಳಿಸಿಕೊಂಡು ತನ್ನವರಿಗೆ ಹೇಳಿಬಿಡುತ್ತಿದ್ದುದರಿಂದ ಇವರು ಒಂದು ಆಟವನ್ನೂ ಗೆಲ್ಲಲಿಲ್ಲ, ಅದು ಬೇರೆ ಮಾತು.

ಆಮೇಲೆ ಒಂದು ಶನಿವಾರ ಮಕ್ಕಳು ಮೈದಾನದಲ್ಲೇ ಒಲೆ ಹೂಡಿ ಉಪ್ಪಿಟ್ಟು ಮಾಡಿದರು. ಮಾರನೆಯ ದಿನ ಭಾನುವಾರ, ಕಯಲ್ ನಮ್ಮ ಮನೆಯಲ್ಲಿದ್ದಳು. ಅಮ್ಮನ ಫೋನು ಬಂತು. ಕಯಲ್ ಅದನ್ನು ಕಸಿದುಕೊಂಡು, "ಅಜ್ಜೀ, ಊಟ ಆಯ್ತಾ? ನಿನ್ನೆ ಒಲೆ ಹತ್ತಿಸುವಾಗ ಸಿಂಚನಾ ಅಳ್ತಾ ಇದ್ಳು" ಎಂದಳು.

ಸಿಂಚನಾ ಎಗರಿ ಫೋನು ಕಿತ್ತುಕೊಂಡಳು. "ಸುಳ್ಳು ಅಜ್ಜೀ! ನಾನು ಅಳಲೇ ಇಲ್ಲ. ಹೊಗೆ ಕಣ್ಣಿಗೆ ಹೋಗಿತ್ತು ಅಷ್ಟೆ. ಉಪ್ಪಿಟ್ಟು ಸೀಯಿಸಿದ್ದು ಇವಳೇ, ಅದನ್ನ ಮಾತ್ರ ಹೇಳಲ್ಲ ನೋಡು!"

ಆ ಕಡೆ ಅಮ್ಮ ಬಿದ್ದು ಬಿದ್ದು ನಗುತ್ತಿದ್ದಳು. ಹೆಂಡತಿ ಸೌಟು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ನನ್ನ ಕಣ್ಣಿಗೂ ಸ್ವಲ್ಪ ಹೊಗೆ ಹೋಯಿತು. ಇಷ್ಟು ದೊಡ್ಡ ಗೆಲುವಿನ ಕೀರ್ತಿ ನನಗೆ ಸಲ್ಲದಿದ್ದರೆ ಹೇಗೆ? ಫೋನು ಕೈಗೆ ತೆಗೆದುಕೊಂಡು ಒಂದೇ ಉಸಿರಿಗೆ ಹೇಳಿದೆ: "ಅಮ್ಮಾ, ಇದೆಲ್ಲಾ ನಾನೇ! ಕರೆಕ್ಟಾ ಪ್ಲಾನ್ ಪಣ್ಣಿ, ಫೋರ್ ಫೋರಾ ನಿಕ್ಕವೆಚ್ಚು ನಾನ್‌ದಾ ಪಿರಿಚ್ಚಿದ್ದು!"



"ಏನಂದ್ಯೋ? ಒಂದು ಮಾತೂ ತಿಳೀಲಿಲ್ಲ" ಎಂದಳು ಅಮ್ಮ. "ಫೋನು ಮಗು ಕೈಗೆ ಕೊಡು, ಅವಳು ಕನ್ನಡದಲ್ಲಿ ಬಿಡಿಸಿ ಹೇಳ್ತಾಳೆ."